ಒಂದು ಬೆರಳಿನ ಜಾಗ

ಪಾರ್ಸಲ್ ಕಟ್ಟುವವರಿಗೆ ಜನರ ಮನಸ್ಸು ಗೊತ್ತಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮಗೆ ಗೊತ್ತಾಗುವುದು ತೂಕ. ತಂಗಿಗೆ ಅಂತ ತಂದ ಕಂಬಳಿ ಎರಡೂವರೆ ಕಿಲೋ, ಹೊರದೇಶದಲ್ಲಿರುವ ಅಣ್ಣನಿಗೆ ಅಂತ ತಂದ ಗೋಡೆ ಗಡಿಯಾರ ಒಂದು ಕಿಲೋ ಮುನ್ನೂರು ಗ್ರಾಂ. ಗಡಿಯಾರ ತಂದವರಿಗೆ ನಾನು, "ಅಲ್ಲಿ ಹೊತ್ತು ಬೇರೆ ಅಲ್ವಾ, ಇದು ಇಲ್ಲಿನ ಹೊತ್ತು ತೋರಿಸಿದ್ರೆ ಏನ್ ಮಾಡ್ತಾರೆ?" ಅಂದಿದ್ದೆ. "ಅದಕ್ಕೇ ಕಳಿಸ್ತಿರೋದು ಕಣಮ್ಮಾ, ನಾವು ಊಟಕ್ಕೆ ಕೂತಿದ್ದು ಅವನಿಗೂ ಗೊತ್ತಾಗ್ಲಿ" ಅಂದರು ಅವರು. ಇಂಥ ಮಾತು ದಿನಕ್ಕೆ ಹತ್ತು ಕೇಳುತ್ತೇನೆ. ಕೇಳಿ, ನಕ್ಕು, ಪೊಟ್ಟಣಕ್ಕೆ ಬಿಳಿ ಬಟ್ಟೆ ಸುತ್ತಿ, ದಬ್ಬಳದಲ್ಲಿ ಹೊಲಿದು, ಅರಗು ಒತ್ತಿ, ವಿಳಾಸ ಬರೆದು, ಹೊರದೇಶದ ಫಾರಂ ತುಂಬಿ ಕೊಡುತ್ತೇನೆ. ಎದುರಿಗೇ ಅಂಚೆ ಕಚೇರಿ. ಅಪ್ಪ ಬಿಟ್ಟುಹೋದ ಅಂಗಡಿ, ಅಪ್ಪ ಬಿಟ್ಟುಹೋದ ದಬ್ಬಳ.

ನಾನು ಹೇಳುತ್ತಿರುವುದು ಮನೆಮನೆಗೆ ಫೋನ್ ಇಲ್ಲದಿದ್ದ ಕಾಲದ ಮಾತು. ಬೀದಿಗೆಲ್ಲ ನನ್ನ ಅಂಗಡಿಯ ಫೋನೇ ಗತಿ. ಯಾರ ಮಗ ಯಾವ ವಾರ, ಯಾರ ಸೊಸೆ ಎಷ್ಟು ಗಂಟೆಗೆ ಮಾಡುತ್ತಾರೆ ಅಂತ ನನಗೆ ಬಾಯಿಪಾಠ. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಅಂದರೆ ಅದು ಅಳತೆ ಮಾವನ ಮಗಳು.

ಅಳತೆ ಮಾವನ ಚಪ್ಪಲಿ, ಶೂ ಮಾಡುವ ಅಂಗಡಿ ನನ್ನದರಿಂದ ಮೂರು ಬಾಗಿಲು ಆಚೆ. ಒಂದು ಮಂಚದಷ್ಟು ಜಾಗ. ಗೋಡೆಗೆಲ್ಲ ಮರದ ಕಾಲಿನ ಅಚ್ಚುಗಳು ಜೋಡಿ ಜೋಡಿಯಾಗಿ ನೇತಾಡುತ್ತಿದ್ದವು. ಅವರಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಕಾಲು ಮರೆಯುತ್ತಿರಲಿಲ್ಲ. ನನ್ನನ್ನು ಮೊದಲ ಸಲ ಕಂಡಾಗ ಕತ್ತೆತ್ತದೆ, "ಎಡಗಾಲು ಎಳೀತಿದ್ಯಲ್ಲಮ್ಮಾ, ಸೊಂಟ ನೋವಾ?" ಅಂದಿದ್ದರು. ಹೌದು, ಸೊಂಟ ನೋವು. ದಿನವಿಡೀ ಬಗ್ಗಿ ಹೊಲಿಯುವವಳಿಗೆ ಇನ್ನೇನು ಬರುತ್ತದೆ?

ಅವರ ಹೆಂಡತಿಯನ್ನು ಬೀದಿಯವರೆಲ್ಲ ಅತ್ತೆ ಅನ್ನುತ್ತಿದ್ದರು. ಮಾವ ಶೂಗೆ ಅಟ್ಟೆ ಕೂರಿಸಿದರೆ ಅತ್ತೆ ಅದರ ಒಳಗಿನ ಬಟ್ಟೆ ಹೊಲಿಯುತ್ತಿದ್ದರು. "ನನ್ನ ಜೀವಮಾನದಲ್ಲಿ ಸವೀದೇ ಇರೋದು ಎರಡೇ, ನಾನು ಹಾಕಿದ ಅಟ್ಟೆ, ನಿಮ್ಮ ಅತ್ತೆ" ಅನ್ನುವುದು ಮಾವನ ಹಳೇ ಜೋಕು. "ಸವೆಸೋಕೆ ನೀವೇನ್ ಕಮ್ಮಿ ನಡೆದಿದ್ದೀರಾ ನನ್ನ ಮೇಲೆ?" ಅನ್ನುವುದು ಅತ್ತೆಯ ಹಳೇ ಉತ್ತರ. ಅತ್ತೆಯ ಗಂಟಲು ದೊಡ್ಡದು. ಫೋನಿನಲ್ಲಿ ಮಾತಾಡುವಾಗಂತೂ ಸಮುದ್ರದಾಚೆಗೆ ಕೂಗಿ ಹೇಳಿದ ಹಾಗೆ. "ಅತ್ತೇ, ಇಷ್ಟು ಕೂಗೋದಾದ್ರೆ ಫೋನ್ ಯಾಕೆ, ಬೀದಿಗೆ ನಿಂತೇ ಮಾತಾಡಿ" ಅಂತ ನಾನು ರೇಗಿಸುತ್ತಿದ್ದೆ. "ಅಷ್ಟು ದೂರ ಹೋಗ್ಬೇಕಲ್ಲೇ ಮಾತು, ಮೆತ್ತಗೆ ಹೇಳಿದ್ರೆ ದಾರೀಲೇ ಬಿದ್ದೋಗುತ್ತೆ" ಅನ್ನುತ್ತಿದ್ದರು.

ಒಬ್ಬಳೇ ಮಗಳು. ಆ ಮರದ ಅಚ್ಚುಗಳ ನಡುವೆಯೇ ಅಂಬೆಗಾಲಿಟ್ಟು ಬೆಳೆದವಳು. ದೊಡ್ಡ ಲಾರಿ ಓಡಿಸುವವನನ್ನು ಮದುವೆಯಾಗಿ ಅವನ ಕೆಲಸದ ಹಿಂದೆ ಹೊರದೇಶಕ್ಕೆ ಹೋದಳು. ಅಲ್ಲಿ ಅವಳಿಗೆ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕಡೆ ಕೆಲಸ. ಅಲ್ಲೇ ಹುಟ್ಟಿದ್ದು ಗುಬ್ಬಿ. ಹೆಸರು ಬೇರೆ ಇತ್ತು, ಆದರೆ ಅತ್ತೆಯ ಬಾಯಲ್ಲಿ ಹುಟ್ಟಿದ ದಿನದಿಂದ ಗುಬ್ಬಿಯೇ. ಮಾವ, ಅತ್ತೆ ಇಬ್ಬರೂ ಆ ಮೊಮ್ಮಗಳನ್ನು ಕಣ್ಣಾರೆ ಕಂಡಿರಲಿಲ್ಲ. ಕಂಡದ್ದೆಲ್ಲ ಫೋಟೋ, ಕೇಳಿದ್ದೆಲ್ಲ ಫೋನು.

ಮೊದಲ ವರ್ಷ ಅತ್ತೆ ಮಗುವಿಗೆ ಲಂಗ, ಕುಲಾವಿ, ಗಿಲಕಿ ಅಂತ ಮೂರು ಕಿಲೋ ಕಟ್ಟಿಸಿದರು. "ಅಮ್ಮಾ, ಇವೆಲ್ಲ ಇಲ್ಲೇ ಸಿಗುತ್ತೆ" ಅಂದಳು ಮಗಳು. ಅತ್ತೆಯ ಮುಖ ಚಿಕ್ಕದಾಯಿತು. ಆಗ ಮಾವ ಹೇಳಿದ್ದು ಇದು: "ಶೂನೂ ಸಿಗುತ್ತೆ. ಆದ್ರೆ ಅಲ್ಲಿ ಅಂಗಡಿಯವನಿಗೆ ನಮ್ಮ ಗುಬ್ಬಿ ಕಾಲು ಗೊತ್ತಾ?"

ಅಂದಿನಿಂದ ಉಡುಗೊರೆ ಅಂದರೆ ಶೂ. ವರ್ಷಕ್ಕೊಂದು ಜೊತೆ. ಆ ಶೂ ಹೋಗುವುದಕ್ಕೆ ಒಂದು ಕ್ರಮ ಇತ್ತು. ಅದನ್ನು ಸರಿಯಾಗಿ ಹೇಳಬೇಕು, ಯಾಕೆಂದರೆ ಆಮೇಲೆ ಆದದ್ದೆಲ್ಲ ಅದರಿಂದಲೇ.

ಮಗಳು ಒಂದು ಹಾಳೆಯ ಮೇಲೆ ಮಗುವನ್ನು ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲ್ ಎಳೆದು ಕಳಿಸಬೇಕು. "ಪೆನ್ಸಿಲ್ ನೆಟ್ಟಗೆ ಹಿಡೀಬೇಕು ಮಗಳೇ. ವಾಲಿಸಿದ್ರೆ ಅಳತೆ ಸುಳ್ಳು ಹೇಳುತ್ತೆ" ಅಂತ ಮಾವ ಪ್ರತಿ ವರ್ಷ ಹೇಳುತ್ತಿದ್ದರು. ಹಾಳೆ ಬಂದ ಮೇಲೆ ಅದರ ಕೆಳಗೆ ಕಾರ್ಬನ್ ಇಟ್ಟು ತಮ್ಮ ಅಳತೆ ಪುಸ್ತಕಕ್ಕೆ ಗೆರೆ ಇಳಿಸಿಕೊಳ್ಳುತ್ತಿದ್ದರು. ಆಮೇಲೆ ಹಾಳೆಯನ್ನು ಗೆರೆಗುಂಟ ಕತ್ತರಿಸಿ ಕಾಗದದ ಪಾದ ಮಾಡಿಕೊಳ್ಳುತ್ತಿದ್ದರು. ಶೂ ಮುಗಿದ ಮೇಲೆ ಆ ಕಾಗದದ ಪಾದವನ್ನು ಅದರೊಳಗೇ ಹಾಸಿ ಕಳಿಸುತ್ತಿದ್ದರು. "ಯಾರ ಕಾಲು ಅವರ ಹತ್ರ ಇರ್ಬೇಕು, ನಮ್ಮ ಹತ್ರ ನಕಲು ಸಾಕು" ಅನ್ನುವುದು ಅವರ ಅಂಗಡಿಯ ನಿಯಮ. ಎಲ್ಲ ಗಿರಾಕಿಗಳಿಗೂ ಅಷ್ಟೇ.

ಕಾಗದದ ಪಾದ ಒಳಗೆ ಹಾಸಿದಾಗ ಹಿಮ್ಮಡಿಯ ಹಿಂದೆ ಸರಿಯಾಗಿ ಒಂದು ಬೆರಳಿನ ಜಾಗ ಉಳಿಯಬೇಕು. ಅದು ಮಗು ಬೆಳೆಯುವುದಕ್ಕೆ. "ದೊಡ್ಡವರಿಗೆ ಕಾಲಿಗೆ ತಕ್ಕ ಶೂ. ಮಕ್ಕಳಿಗೆ ನಾಳಿನ ಕಾಲಿಗೆ ತಕ್ಕ ಶೂ" ಅಂತ ಅವರು ಬೆರಳು ಹಾಕಿ ತೋರಿಸುತ್ತಿದ್ದರು. ಪೊಟ್ಟಣ ತಲುಪಿದ ಮೇಲೆ ಮಗಳು ಫೋನ್ ಮಾಡಿ ಹೇಳುವ ಮೊದಲ ಮಾತೂ ಅದೇ: "ಬಂತು. ಒಂದು ಬೆರಳು ಜಾಗ ಇದೆ." ಅದನ್ನು ಕೇಳಿದರೇ ಮಾವನಿಗೆ ಆ ವರ್ಷದ ಕೆಲಸ ಮುಗಿಯಿತು.

ಇನ್ನೊಂದು ಇತ್ತು. ಗುಬ್ಬಿಗೆ ವಿಪರೀತ ಕಚಗುಳಿ. ಪೆನ್ಸಿಲ್ ಒಳಪಾದದ ಗುಳಿಗೆ ಬಂದ ಕೂಡಲೇ ಕಾಲು ಎಳೆದುಕೊಂಡು ನಗುತ್ತಿತ್ತಂತೆ. ಹಾಗಾಗಿ ಪ್ರತಿ ವರ್ಷದ ಗೆರೆಯೂ ಅಲ್ಲಿ ಎಲ್ಲೋ ಒಂದು ಕಡೆ ಚಿಮ್ಮಿರುತ್ತಿತ್ತು. ಒಂದು ವರ್ಷ ಎಡಗಾಲಲ್ಲಿ, ಒಂದು ವರ್ಷ ಬಲಗಾಲಲ್ಲಿ, ಒಂದು ವರ್ಷ ಎರಡರಲ್ಲೂ. ಮಾವ ಆ ಚಿಮ್ಮಿದ್ದನ್ನೂ ಬಿಡದೆ ಕತ್ತರಿಸುತ್ತಿದ್ದರು. ಕಾಗದದ ಪಾದಕ್ಕೆ ಒಂದು ಪುಟ್ಟ ಮುಳ್ಳು ಮೂಡಿದ ಹಾಗೆ ಕಾಣುತ್ತಿತ್ತು. "ನೋಡು, ಇಲ್ಲಿ ನಕ್ಕಿದ್ದಾಳೆ" ಅಂತ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದರು. ಜಗಳಕ್ಕೆ ಬಂದ ಗಿರಾಕಿಗೂ.

ಹೀಗೆ ಆರು ಜೊತೆ ಹೋದವು. ಆರೂ ನಾನೇ ಕಟ್ಟಿದ್ದು.

ಏಳನೆಯ ವರ್ಷದ ಹಾಳೆ ಬರುವುದಕ್ಕೆ ಐದು ತಿಂಗಳ ಮುಂಚೆ ಒಂದು ಭಾನುವಾರ ಫೋನ್ ಬಂತು. ನಾನೇ ಎತ್ತಿದೆ. "ಅಕ್ಕಾ, ಅಮ್ಮ ಇದ್ದಾರಾ?" ಅಂದಳು. ದನಿ ನೆಗಡಿಯಾದ ಹಾಗಿತ್ತು. ಅತ್ತೆ ಫೋನ್ ಹಿಡಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲವೇನೋ, ಅತ್ತೆಗೆ ಸುಮ್ಮನಿದ್ದು ಅಭ್ಯಾಸವಿಲ್ಲ. "ಏನೇ, ಯಾಕೆ ಮಾತಾಡ್ತಿಲ್ಲ? ಗುಬ್ಬಿಗೆ ಶೂ ಬಿಗಿಯಾಯ್ತಾ? ಅದಕ್ಕೇ ಇಷ್ಟು ಸಂಕೋಚನಾ? ನಿಮ್ಮಪ್ಪ ಇನ್ನೊಂದು ಜೊತೆ ಮಾಡಲ್ಲ ಅಂತಾರಾ?" ಅಂದರು. ಆಮೇಲೆ ಮಾವನ ಕಡೆ ತಿರುಗಿ, "ರೀ, ಬಿಗಿಯಾಗ್ತಾ ಇದೆಯಂತೆ! ಎಷ್ಟು ಬೇಗ ಬೆಳೀತಾಳೆ ನೋಡ್ರಿ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಸಾರಿದರು. ಎಲ್ಲರೂ ನಕ್ಕೆವು. ಮಾವ ಎದೆ ಉಬ್ಬಿಸಿಕೊಂಡು ಹೋಗಿ ಒಳ್ಳೆಯ ಚರ್ಮ ಹುಡುಕತೊಡಗಿದರು.

ಆಮೇಲಿನ ಭಾನುವಾರಗಳಲ್ಲಿ ಗುಬ್ಬಿ ಫೋನಿಗೆ ಬರಲಿಲ್ಲ. ಮಲಗಿದ್ದಾಳೆ ಅಂತ ಒಂದು ಸಲ, ಗೆಳತಿಯ ಮನೆಗೆ ಹೋಗಿದ್ದಾಳೆ ಅಂತ ಒಂದು ಸಲ. "ಈಗಿನ ಮಕ್ಕಳಿಗೆ ಅಜ್ಜಿ ತಾತ ಬೇಡ" ಅಂತ ಅತ್ತೆ ಗೊಣಗಿದರು. ಅದು ಹುಸಿ ಗೊಣಗಾಟ. ಮಕ್ಕಳಿಗೆ ಬೇಜಾರು ಬರುವುದೂ ಬೆಳವಣಿಗೆಯ ಲಕ್ಷಣವೇ ಅಂತ ಅವರೇ ಸಮಾಧಾನ ಹೇಳಿಕೊಂಡರು.

ಕಳಿಸ್ತೀನಿ, ಕಳಿಸ್ತೀನಿ ಅಂತ ಐದು ತಿಂಗಳಾದ ಮೇಲೆ ಹಾಳೆ ಬಂತು. ಫೋಟೋ ಇರಲಿಲ್ಲ. ಎರಡು ಸಾಲಿನ ಕಾಗದ, ಎರಡು ಪಾದ.

ಮರುದಿನ ಬೆಳಿಗ್ಗೆ ನಾನು ಅಂಗಡಿ ತೆಗೆಯುತ್ತಿದ್ದ ಹಾಗೆಯೇ ಮಾವ ಬಂದು ನಿಂತರು. ಕಂಕುಳಲ್ಲಿ ಅಳತೆ ಪುಸ್ತಕ. ಬಿಸಿಲು ನನ್ನ ಅಂಗಡಿಯ ಗಾಜಿಗೆ ನೇರ ಬೀಳುತ್ತದೆ.

"ಗಾಜು ಸ್ವಲ್ಪ ಬೇಕಿತ್ತು" ಅಂದರು.

"ಗಾಜು ಏನಕ್ಕೆ ಮಾವ, ಮುಖ ನೋಡ್ಕೊಳ್ಳೋಕಾ?"

ನಗಲಿಲ್ಲ. ಪುಸ್ತಕದಿಂದ ಕಳೆದ ವರ್ಷದ ನಕಲಿನ ಹಾಳೆ ಬಿಡಿಸಿ ಗಾಜಿಗೆ ಒತ್ತಿ ಹಿಡಿದರು. ಅದರ ಮೇಲೆ ಈ ವರ್ಷದ ಹಾಳೆ. ಬಿಸಿಲಿಗೆ ಎರಡೂ ಗೆರೆಗಳು ಒಂದರೊಳಗೊಂದು ಕಂಡವು. ಈ ವರ್ಷದ್ದು ದೊಡ್ಡದು, ಅಷ್ಟೇ.

"ಬೆಳೆದಿದ್ದಾಳಲ್ಲ ಮಾವ" ಅಂದೆ.

"ಬೆಳೆದಿದ್ದಾಳೆ. ಏಳು ವರ್ಷದ ಮಗು ಎಷ್ಟು ಬೆಳೀಬೇಕೋ ಅಷ್ಟೇ ಬೆಳೆದಿದ್ದಾಳೆ. ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ. ಎಡಗಾಲು, ಬಲಗಾಲು, ಎರಡೂ. ಕಾಲು ಹೀಗೆ ಬೆಳೆಯಲ್ಲಮ್ಮಾ. ಕಾಲು ಹೇಳಿದ ಮಾತು ಕೇಳಲ್ಲ. ಹೆಬ್ಬೆರಳ ಕಡೆ ಓಡುತ್ತೆ, ಹಿಮ್ಮಡೀಲಿ ನಿಲ್ಲುತ್ತೆ. ಇದು ಸುತ್ತಲೂ ಒಂದೇ ಸಮ ದೂರ ಬಿಟ್ಟು ಎಳೆದ ಗೆರೆ."

"ಅಯ್ಯೋ, ಕೈ ಆಕಡೆ ಈಕಡೆ ಆಗಿರುತ್ತೆ."

ಅವರು ಬೆರಳಿಟ್ಟು ತೋರಿಸಿದರು. ಬಲಗಾಲಿನ ಒಳಪಾದದ ಗುಳಿ. ಕಳೆದ ವರ್ಷದ ಗೆರೆ ಅಲ್ಲಿ ಚಿಮ್ಮಿತ್ತು. ಈ ವರ್ಷದ ಗೆರೆಯೂ ಅಲ್ಲಿಯೇ ಚಿಮ್ಮಿತ್ತು. ಅದೇ ಓರೆ, ಅದೇ ಉದ್ದ, ತುದಿಯಲ್ಲಿ ಅದೇ ಸಣ್ಣ ಕೊಕ್ಕೆ.

"ಮಗು ಎರಡು ವರ್ಷ ಒಂದೇ ಜಾಗದಲ್ಲಿ, ಒಂದೇ ಥರ ನಗುತ್ತಾ?" ಅಂದರು.

ನನಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಏನಾದರೂ ಹೇಳಬೇಕಲ್ಲ ಅಂತ ಬಾಯಿಗೆ ಬಂದದ್ದೆಲ್ಲ ಹೇಳಿದೆ. ಮಗು ನಿಲ್ಲುವುದಕ್ಕೆ ಹಟ ಮಾಡಿರಬಹುದು. ಇವಳಿಗೆ ಕೆಲಸಕ್ಕೆ ಹೊತ್ತಾಗಿರಬಹುದು. ಹಳೇ ಕಾಗದ ಇಟ್ಟುಕೊಂಡು ಅಂದಾಜಿಗೆ ಎಳೆದಿರಬಹುದು. ಸೋಮಾರಿತನಕ್ಕೆ ಜನ ಏನೇನು ಮಾಡುವುದಿಲ್ಲ?

"ನನ್ನ ಮಗಳು" ಅಂದರು ಮಾವ, "ಅಂದಾಜಿಗೆ ಎಳೆಯಲ್ಲ. ಕಾಲು ಇದ್ರೆ ಕಾಲಿನ ಸುತ್ತ ಎಳೀತಾಳೆ."

ಅವರು ಹಾಳೆ ಇಳಿಸಲಿಲ್ಲ.

"ಆ ಕೊಕ್ಕೆ ಬಿಟ್ಟು ನೆಟ್ಟಗೆ ಎಳೆದಿದ್ರೆ ನಾನು ಮೋಸಹೋಗ್ತಿದ್ದೆ ಕಣಮ್ಮಾ. ದೊಡ್ಡವಳಾದ್ಲು, ಕಚಗುಳಿ ಹೋಯ್ತು ಅನ್ಕೋತಿದ್ದೆ. ಚಪ್ಪಲಿಯವನ ಮಗಳು ಅವಳು, ಉಳಿದಿದ್ದೆಲ್ಲ ಲೆಕ್ಕ ಹಾಕಿ ಸರಿಯಾಗೇ ಬೆಳೆಸಿದ್ದಾಳೆ. ಇದನ್ನ ಅಳಿಸೋಕೆ ಅವಳಿಗೆ ಕೈ ಬಂದಿಲ್ಲ."

ಬೀದಿಯಲ್ಲಿ ಒಬ್ಬರು ಸೈಕಲ್ ನಿಲ್ಲಿಸಿ ಅಂಚೆ ಕಚೇರಿ ತೆಗೆದಿದೆಯಾ ಅಂತ ಕೇಳಿದರು. ಹತ್ತಕ್ಕೆ ಅಂದೆ. ಅವರು ಹೋದರು.

"ಫೋನ್ ಮಾಡಿ ಕೇಳೋಣ ಮಾವ. ಈಗಲೇ. ಅಳಿಯನ್ನ ಕೇಳೋಣ."

"ಏನಂತ ಕೇಳ್ಲಿ? ಐದು ತಿಂಗಳ ಹಿಂದೆ ಅವಳು ಅಮ್ಮಾ ಅಂದು ನಿಂತ್ಲು ನೋಡು. ನಿಮ್ಮತ್ತೆ ಶೂ ಬಿಗಿಯಾಯ್ತಾ ಅಂದ್ಲು. ಮಗಳು ಹೂಂ ಅಂದ್ಲು. ಆ ಹೂಂ ಮೇಲೇ ನಿಂತಿದೆ ಇಷ್ಟೂ. ಸುಳ್ಳಿಗೆ ನಾವೇ ಶೂ ಹಾಕಿಕೊಟ್ವಿ, ಅದು ನಡೆದುಬಿಡ್ತು. ಈಗ ನಾನು ಕೇಳಿದ್ರೆ ಇನ್ನೊಂದು ಹೇಳ್ಬೇಕು ಅವಳು. ಮೊದಲೇ ಎಷ್ಟು ಹೊತ್ತಿದ್ದಾಳೋ." ಹಾಳೆಯ ಅಂಚು ಒತ್ತಿ ಹಿಡಿದು, "ಜೊತೆಗೆ, ನಾನು ತಪ್ಪಿರಬಹುದಲ್ಲ. ಬದುಕಿರೋ ಮಗು ಬಗ್ಗೆ ಬಾಯಿಬಿಟ್ಟು ಹಾಗೆ ಕೇಳೋದಾ? ತಾತ ಆದವನು?"

"ಮತ್ತೆ?"

"ಶೂ ಮಾಡ್ತೀನಿ. ಈ ಅಳತೆಗೇ. ಬೆರಳಿನ ಜಾಗ ಬಿಡಲ್ಲ."

ನಾನು ಅವರ ಮುಖ ನೋಡಿದೆ.

"ಕಾಗದದ ಪಾದ ಒಳಗಿಟ್ರೆ ಅಂಚಿಂದ ಅಂಚಿಗೆ ಕೂರ್ಬೇಕು. ಮಗು ಇದ್ರೆ, ಹಾಕ್ಕೊಂಡು ಅಳುತ್ತೆ. ಅಪ್ಪಾ, ಈ ಸಲ ಏನ್ ಬಿಗಿ ಮಾಡಿದ್ದೀಯ, ಕಣ್ಣು ಮಂಜಾಯ್ತಾ ಅಂತ ಅವಳು ಬೈತಾಳೆ. ಬೈಲಿ. ಅಷ್ಟು ಬೈಸ್ಕೊಂಡ್ರೆ ನನಗೆ ಇನ್ನೇನೂ ಬೇಡ. ಮಗು ಇಲ್ದಿದ್ರೆ..." ಹಾಳೆಗಳನ್ನು ಪುಸ್ತಕದೊಳಗೆ ಇಟ್ಟರು. "ಇಲ್ದಿದ್ರೆ ಅವಳಿಗೆ ಗೊತ್ತಾಗುತ್ತೆ. ಬೆಳೆಯೋಕೆ ಜಾಗ ಬಿಡದೆ ಅಪ್ಪ ಮಕ್ಕಳ ಶೂ ಯಾಕೆ ಮಾಡ್ದ ಅಂತ ಅವಳಿಗೆ ಬಿಡಿಸಿ ಹೇಳ್ಬೇಕಾಗಿಲ್ಲ." ಬಾಗಿಲ ಹತ್ತಿರ ಹೋಗಿ ನಿಂತು, "ನಿಮ್ಮತ್ತೆಗೆ ಗೊತ್ತಾಗೋದು ಬೇಡ" ಅಂದರು.

ನಾನು ಹೇಳಲಿಲ್ಲ. ಹೇಳಬೇಕಿತ್ತೋ ಏನೋ, ಇವತ್ತಿಗೂ ತೀರ್ಮಾನವಾಗಿಲ್ಲ.

ಆ ಶೂ ಮಾಡಲು ಅವರು ಹನ್ನೆರಡು ದಿನ ತೆಗೆದುಕೊಂಡರು. ಸಾಮಾನ್ಯವಾಗಿ ನಾಲ್ಕು ದಿನದ ಕೆಲಸ. ಕೆಂಪು ಚರ್ಮ, ಪುಟ್ಟ ಬಕಲು. ಗುಬ್ಬಿ ಹಿಂದಿನ ವರ್ಷ ಫೋನಿನಲ್ಲಿ ಟಕ್ ಟಕ್ ಅನ್ನುವ ಶೂ ಬೇಕು ಅಂದಿದ್ದಳಂತೆ, ಅದಕ್ಕೆ ಹಿಮ್ಮಡಿಗೆ ಒಂದೊಂದು ಸಣ್ಣ ಲಾಳ ಹೊಡೆದರು. ಅತ್ತೆ ಒಳಗೆ ಹಳದಿ ಬಟ್ಟೆ ಕೂರಿಸುತ್ತ, "ರೀ, ಇದೇನು ಇಷ್ಟು ಚಿಕ್ಕದಾಗಿ ಕಾಣುತ್ತೆ? ಬೆರಳಿನ ಜಾಗ ಬಿಟ್ಟಿದ್ದೀರಾ?" ಅಂತ ಒಂದು ಸಲ ಕೇಳಿದರು. ನಾನು ಅಲ್ಲೇ ಇದ್ದೆ.

"ನಿನ್ನ ಬೆರಳು ದಪ್ಪ ಆಗಿದೆ" ಅಂದರು ಮಾವ.

"ನಿಮ್ಮ ನಾಲಿಗೆ ದಪ್ಪ ಆಗಿದೆ" ಅಂದರು ಅತ್ತೆ. ಅಲ್ಲಿಗೆ ಮುಗಿಯಿತು.

ಕಟ್ಟಿಸಲು ತಂದಾಗ ಮಾವ ಒಬ್ಬರೇ ಬಂದರು. ನಾನು ಪೆಟ್ಟಿಗೆ ಮುಚ್ಚುವ ಮೊದಲು ಒಮ್ಮೆ ಶೂ ಒಳಗೆ ನೋಡಿದೆ. ಕಾಗದದ ಪಾದ ಎಲ್ಲಿಯೂ ಸಂದಿಲ್ಲದೆ ಕೂತಿತ್ತು. ಮುಳ್ಳಿನಂಥ ಆ ಚಿಮ್ಮು ಮಾತ್ರ ಹಿಡಿಸದೆ ಪಕ್ಕಕ್ಕೆ ಮಡಚಿಕೊಂಡಿತ್ತು. ಬಟ್ಟೆ ಸುತ್ತಿ ಹೊಲಿಯತೊಡಗಿದೆ. ದೂರದ ಪೊಟ್ಟಣಕ್ಕೆ ನಾನು ಜೋಡಿ ಹೊಲಿಗೆ ಹಾಕುತ್ತೇನೆ, ಅದಕ್ಕೆ ನನ್ನ ಅಂಗಡಿ ಹೆಸರುವಾಸಿ.

ಫಾರಂ ತೆಗೆದೆ. ಒಳಗಿರುವ ವಸ್ತು: ಮಕ್ಕಳ ಶೂ, ಒಂದು ಜೊತೆ. ಬಗೆ: ಉಡುಗೊರೆ. ಕೊನೆಯಲ್ಲಿ ಒಂದು ಪ್ರಶ್ನೆ ಇರುತ್ತದೆ, ಪಡೆಯುವವರು ಸಿಗದಿದ್ದರೆ ಪೊಟ್ಟಣವನ್ನು ಏನು ಮಾಡಬೇಕು ಅಂತ. ವಾಪಸು ಕಳಿಸಬೇಕೋ, ಅಲ್ಲೇ ವಿಲೇವಾರಿ ಮಾಡಬೇಕೋ. ಪ್ರತಿ ವರ್ಷ ನಾನು ಕೇಳುತ್ತಿದ್ದೆ, ಪ್ರತಿ ವರ್ಷ ಅವರು, "ಸಿಗದೆ ಎಲ್ಲಿ ಹೋಗ್ತಾರೆ? ಶೂ ಅದು, ತಾನೇ ಹುಡುಕ್ಕೊಂಡು ಹೋಗುತ್ತೆ" ಅನ್ನುತ್ತಿದ್ದರು. ಈ ವರ್ಷ ನಾನು ಕೇಳಲಿಲ್ಲ. ಅವರೇ ಬೆರಳು ಅಲ್ಲಿಟ್ಟರು.

"ವಾಪಸ್ ಬೇಡ" ಅಂದರು.

ಪೊಟ್ಟಣ ತಲುಪಲು ಐದು ವಾರ. ಮಧ್ಯೆ ಬಂದ ಭಾನುವಾರ ಅತ್ತೆಯೇ ಪೂರ್ತಿ ಮಾತಾಡಿದರು, ಕೆಂಪು ಬಣ್ಣ ಯಾರ ಆಯ್ಕೆ, ಲಾಳ ಯಾರ ಆಯ್ಕೆ ಅಂತ ಎಲ್ಲ. ಮಾವ ಫೋನ್ ಮುಟ್ಟಲಿಲ್ಲ. ಆಮೇಲಿನ ನಾಲ್ಕು ವಾರ ಅವರು ದಿನಕ್ಕೊಂದು ಸಲ ನನ್ನ ಅಂಗಡಿ ಮುಂದೆ ಹಾದುಹೋಗುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ಒಂದು ದಿನ ಮಾತ್ರ ನಿಂತು, "ಬೈತಾಳೆ ಅಲ್ವಾ?" ಅಂದರು. "ಚೆನ್ನಾಗಿ ಬೈತಾಳೆ ಮಾವ, ಅತ್ತೆ ಮಗಳಲ್ವಾ" ಅಂದೆ. ಆ ದಿನ ಸ್ವಲ್ಪ ನಕ್ಕರು.

ಮುಂದಿನ ತಿಂಗಳ ಮೊದಲ ಭಾನುವಾರ ಒಂಬತ್ತೂವರೆಗೇ ಇಬ್ಬರೂ ಬಂದು ಕೂತರು. ಅತ್ತೆ ಗಿರಾಕಿಗಳ ಸ್ಟೂಲಿನ ಮೇಲೆ, ಮಾವ ತಕ್ಕಡಿಯ ಪಕ್ಕ ನಿಂತು. ಹತ್ತಕ್ಕೆ ಸರಿಯಾಗಿ ಫೋನ್ ಹೊಡೆದುಕೊಂಡಿತು. ಅತ್ತೆ ಹಾರಿ ಹಿಡಿದರು.

"ಬಂತೇನೇ? ಹೂಂ? ಬಂತಾ!" ಮಾವನ ಕಡೆ ತಿರುಗಿ, "ಬಂತಂತೆ ರೀ! ಮೊನ್ನೆ ಗುರುವಾರನೇ ಬಂತಂತೆ!" ಮತ್ತೆ ಫೋನಿಗೆ, "ಹೇಗಿದೆ? ಸರಿ ಹೋಯ್ತಾ ಗುಬ್ಬಿಗೆ?"

ಮಾವನ ಕೈ ತಕ್ಕಡಿಯ ತಟ್ಟೆಯ ಮೇಲಿತ್ತು. ಮುಳ್ಳು ನಾಲ್ಕು ಕಿಲೋ ತೋರಿಸುತ್ತಿತ್ತು, ಐದು, ಮತ್ತೆ ನಾಲ್ಕು. ಬೈಯಲಿ, ಬೈಯಲಿ ಅಂತ ನಾನೂ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಬಿಗಿ ಅನ್ನಲಿ. ಕಾಲು ಕಚ್ಚುತ್ತದೆ ಅನ್ನಲಿ. ಹಾಕಿದ ಕೂಡಲೇ ಅಳುತ್ತಾಳೆ ಅನ್ನಲಿ.

ಅತ್ತೆಯ ಮುಖ ಅರಳಿತು.

"ಸರಿಯಾಗಿದೆಯಂತೆ ರೀ! ಹೇಳಿ ಮಾಡಿಸಿದ ಹಾಗಿದೆಯಂತೆ! ಒಂದು ಬೆರಳು ಜಾಗ ಇದೆಯಂತೆ, ಯಾವಾಗ್ಲೂ ಇರೋ ಹಾಗೆ! ನಾನೇನೋ ಹೆದರಿದ್ದೆ ಕಣೇ, ಈ ಸಲ ಚಿಕ್ಕದಾಗಿ ಕಾಣ್ತಿತ್ತು ನನ್ನ ಕಣ್ಣಿಗೆ..."

ತಕ್ಕಡಿಯ ಮುಳ್ಳು ಸೊನ್ನೆಗೆ ಬಂದು ನಿಂತಿತು. ಮಾವ ಕೈ ತೆಗೆದಿದ್ದರು.

"ಕೊಡು ಇಲ್ಲಿ" ಅಂದರು.

"ಇರಿ, ನಾನಿನ್ನೂ..."

"ಕೊಡು."

ಅವರು ಆ ದನಿಯಲ್ಲಿ ಅಂದದ್ದನ್ನು ಅತ್ತೆ ಅದುವರೆಗೆ ಯಾವತ್ತೂ ಕೇಳಿರಲಿಕ್ಕಿಲ್ಲ. ರಿಸೀವರ್ ಕೊಟ್ಟುಬಿಟ್ಟರು.

"ಮಗಳೇ" ಅಂದರು ಮಾವ. "ಪೊಟ್ಟಣ ಬಿಚ್ಚಿದ್ಯಾ?"

ಆ ಕಡೆಯದು ನನಗೆ ಕೇಳಿಸಲಿಲ್ಲ.

"ಬಿಚ್ಚಿಲ್ಲ. ಗೊತ್ತು. ಬೈತಿಲ್ಲ ನಾನು. ಹೋಗಿ ಬಿಚ್ಚಿ ನೋಡ್ಕೊಂಡು ಬಾ. ನಾನು ಹೀಗೇ ಹಿಡ್ಕೊಂಡಿರ್ತೀನಿ."

"ಏನ್ರೀ ಇದು, ಅವಳಿಗೆ ಬಿಲ್ ಬರಲ್ವಾ?" ಅಂದರು ಅತ್ತೆ. "ಸರಿ ಇದೆ ಅಂದ್ಲಲ್ಲ! ಬಿಚ್ಚದೆ ಹೇಗೆ ಹೇಳ್ತಾಳೆ? ನಿಮ್ಮದೊಂದು ಯಾವಾಗ್ಲೂ. ನೋಡೇ ಇವರನ್ನ, ಹೊಗಳಿದ್ರೆ ಎರಡೆರಡು ಸಲ ಕೇಳ್ಬೇಕು ಇವರಿಗೆ." ನನ್ನ ಕಡೆ ನೋಡಿ ನಕ್ಕರು. ನಾನು ನಗಲು ನೋಡಿದೆ. ಆಗಲಿಲ್ಲ.

ನನ್ನ ಹೊಲಿಗೆ ಗಟ್ಟಿ. ಕತ್ತರಿ ಸಿಕ್ಕರೂ ಜೋಡಿ ದಾರ ಒಂದೊಂದಾಗಿ ಕತ್ತರಿಸಬೇಕು. ಒಳಗೆ ಕಾಗದ, ಅದರೊಳಗೆ ಪೆಟ್ಟಿಗೆ. ಅಷ್ಟು ಹೊತ್ತೂ ಮಾವ ರಿಸೀವರ್ ಕಿವಿಗೆ ಒತ್ತಿಕೊಂಡು ನಿಂತಿದ್ದರು. ಅತ್ತೆ ಪಕ್ಕದ ಮನೆಯವರ ನೀರಿನ ಕೊಳಾಯಿಯ ವಿಷಯ ಶುರು ಮಾಡಿದರು, ಅರ್ಧಕ್ಕೆ ನಿಲ್ಲಿಸಿದರು, ಗಂಡನ ಬೆನ್ನನ್ನೇ ನೋಡುತ್ತ ಕೂತರು. ಇಷ್ಟು ಬಿಗಿಯಾಗಿ ಯಾಕೆ ಹೊಲಿದೆ ಅಂತ ನನ್ನ ಕೈಯನ್ನು ನಾನೇ ಬೈದುಕೊಂಡೆ.

ಆಮೇಲೆ ಮಾವ, "ಹೂಂ" ಅಂದರು.

ಮತ್ತೆ, "ಹೂಂ."

"ಯಾವಾಗ?" ಅಂದರು. "ಎಷ್ಟು ದಿನ ಇತ್ತು ಜ್ವರ?" ಅಂದರು. "ಮೂರೇ ದಿನಾನಾ?"

ಅತ್ತೆ ಸ್ಟೂಲಿನಿಂದ ಅರ್ಧ ಎದ್ದರು. "ಯಾರಿಗೆ ಜ್ವರ? ರೀ, ಯಾರಿಗೆ? ಗುಬ್ಬಿಗಾ? ಈಗ ಹೇಗಿದ್ದಾಳೆ?"

ಮಾವ ರಿಸೀವರ್ ಕೆಳಗಿಡಲಿಲ್ಲ. ನನ್ನ ಕೈಗೆ ಕೊಟ್ಟರು. "ಇಡಬೇಡ. ಅವಳು ಒಬ್ಬಳೇ ಇದ್ದಾಳೆ" ಅಂದರು.

ನಾನು ಕಿವಿಗೆ ಹಿಡಿದೆ. ಆ ಕಡೆ ಉಸಿರು ಮಾತ್ರ ಕೇಳುತ್ತಿತ್ತು. ಮಧ್ಯೆ ಒಮ್ಮೆ ಟಕ್ ಅಂತ ಸದ್ದಾಯಿತು, ಶೂವನ್ನು ಮೇಜಿನ ಮೇಲೋ ನೆಲದ ಮೇಲೋ ಇಟ್ಟಿರಬೇಕು.

ಮಾವ ಅತ್ತೆಯ ಭುಜ ಹಿಡಿದು ಸ್ಟೂಲಿನ ಮೇಲೆ ಕೂರಿಸಿದರು. ತಾವು ಅವರ ಮುಂದೆ ನೆಲಕ್ಕೆ ಕೂತರು, ಅಂಗಡಿಯಲ್ಲಿ ಗಿರಾಕಿಯ ಮುಂದೆ ಕೂರುವ ಹಾಗೆಯೇ. ಅತ್ತೆಯ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಬಲಗಾಲನ್ನು ಎತ್ತಿ ತಮ್ಮ ಮಂಡಿಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದರು. ನಲವತ್ತು ವರ್ಷ ಅವರು ಜನರ ಜೊತೆ ಮಾತಾಡಿದ್ದು ಹಾಗೆಯೇ. ಬೇರೆ ರೀತಿ ಅವರಿಗೆ ಗೊತ್ತಿರಲಿಲ್ಲ.

"ಕೇಳು" ಅಂದರು. "ಆ ಶೂಗೆ ನಾನು ಜಾಗ ಬಿಟ್ಟಿರಲಿಲ್ಲ."

"ಯಾಕೆ?" ಅಂದರು ಅತ್ತೆ.

ಮಾವ ಹೇಳಿದರು. ಹಾಳೆ, ಗೆರೆ, ಗಾಜು, ಕೊಕ್ಕೆ, ಒಂದೊಂದಾಗಿ, ಕೆಲಸ ಕಲಿಸುವವರ ಹಾಗೆ. ಎಲ್ಲ ಹೇಳಿ ಕೊನೆಗೆ ಜ್ವರ, ಮೂರು ದಿನ, ಶೂ ಬಿಗಿಯಾಯ್ತಾ ಅಂತ ಕೇಳಿದ ಆ ಭಾನುವಾರಕ್ಕಿಂತ ನಾಲ್ಕು ದಿನ ಮುಂಚೆ ಅಂದರು. ಅತ್ತೆ ಕಾಲು ಎಳೆದುಕೊಳ್ಳಲು ನೋಡಿದರು. ಮಾವ ಬಿಡಲಿಲ್ಲ.

ನನ್ನ ಕಿವಿಯಲ್ಲಿ ಮಗಳು, "ಅಕ್ಕಾ, ಹೇಳಿದ್ರಾ ಅಮ್ಮಂಗೆ?" ಅಂದಳು.

"ಹೇಳಿದ್ರು" ಅಂದೆ.

"ಆವತ್ತು ಹೇಳೋಕೇ ಮಾಡಿದ್ದೆ ಅಕ್ಕಾ. ಅಮ್ಮ ಶೂ ಬಿಗಿಯಾಯ್ತಾ ಅಂದ್ರು."

ಅತ್ತೆ ಕೂಗುತ್ತಾರೆ ಅಂತ ನಾನು ಕಾದೆ. ಬೀದಿ ಸೇರುವಷ್ಟು ಕೂಗುತ್ತಾರೆ, ಆಮೇಲೆ ನಾನು ಬಾಗಿಲೆಳೆಯಬೇಕು ಅಂತ ಮನಸ್ಸಿನಲ್ಲೇ ತಯಾರಾಗಿದ್ದೆ. ಅವರು ಕೂಗಲಿಲ್ಲ. ಮಾವನ ತಲೆಯ ಮೇಲಿಂದ ನನ್ನ ಕಡೆ ಕೈ ಚಾಚಿದರು. ನಾನು ರಿಸೀವರ್ ಕೊಟ್ಟೆ. ತಂತಿ ಅಷ್ಟು ದೂರಕ್ಕೆ ಬರುತ್ತಿರಲಿಲ್ಲ, ಫೋನನ್ನೇ ಎತ್ತಿ ಅವರ ತೊಡೆಯ ಮೇಲೆ ಇಟ್ಟೆ. ಹೊರಗೆ ಬಂದು ಬಾಗಿಲಲ್ಲಿ ನಿಂತೆ. ಅಂಚೆ ಕಚೇರಿಗೆ ಅವತ್ತು ರಜೆ, ಬೀದಿಯಲ್ಲಿ ಯಾರೂ ಇರಲಿಲ್ಲ.

ಅತ್ತೆ ಮಾತಾಡತೊಡಗಿದರು. ಸಮುದ್ರದಾಚೆಗೆ ಕೂಗಿ ಹೇಳುತ್ತಿದ್ದ ಹೆಂಗಸು. ಎರಡು ಹೆಜ್ಜೆ ಆಚೆ ನಿಂತಿದ್ದ ನನಗೆ ಒಂದು ಮಾತೂ ಕೇಳಿಸಲಿಲ್ಲ.